ಸಾದಾ ಮೇಲ್ ಹೋಗುತ್ತೆ, ಲ್ಯಾಬ್ ರಿಪೋರ್ಟ್ ನಿಲ್ಲುತ್ತೆ: ಐಪಿವಿ6 ಬಂದ ಮೇಲೆ ಆಫೀಸಿನ ಮೇಲ್ ಸರ್ವರ್

ಪ್ರಶ್ನೆ: "ಸರ್, ಬ್ಯಾಡಗಿಯಲ್ಲಿ ನಮ್ಮ ಸಾವಕಾರರದು ಒಣಮೆಣಸಿನಕಾಯಿ ವ್ಯಾಪಾರ. ಹೆಡ್ ಆಫೀಸು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದೆ. ಅಲ್ಲಿ ನಮ್ಮದೇ ಮೇಲ್ ಸರ್ವರ್ ಇಟ್ಟಿದ್ದೇವೆ, ಲಿನಕ್ಸ್ ಮೇಲೆ ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ನೋಡಿಕೊಳ್ಳಲು ಡವ್‌ಕಾಟ್. ಸುಮಾರು 40 ಮೇಲ್‌ಬಾಕ್ಸ್. ಇಷ್ಟು ವರ್ಷ ತಂಟೆ ಇರಲಿಲ್ಲ. ಕಳೆದ ತಿಂಗಳು ಇಂಟರ್ನೆಟ್ ಕಂಪನಿಯ ಹುಡುಗ ಬಂದು ಹೊಸ ರೌಟರ್ ಹಾಕಿದ. 'ಇನ್ನು ನಿಮಗೆ ಐಪಿವಿ6 ಕೂಡ ಬಂತು' ಅಂದು ಹೋದ. ಇಂಟರ್ನೆಟ್ ವಿಳಾಸದ ಹೊಸ ಪದ್ಧತಿಯಂತೆ, ಹಳೆಯದು ಐಪಿವಿ4. ಅಂದಿನಿಂದ ಜಿಮೇಲ್‌ಗೆ ಕಳಿಸಿದ ಕೆಲವು ಮೇಲ್ 550 ಅಂತ ವಾಪಸ್ ಬರುತ್ತಿವೆ, ಕೆಲವು ಸರಿಯಾಗಿ ಹೋಗುತ್ತಿವೆ. ಗುಂಟೂರಿನ ಒಬ್ಬ ಖರೀದಿದಾರರಿಗೆ ಸಾದಾ ಮೇಲ್ ಮುಟ್ಟುತ್ತದೆ. ಲ್ಯಾಬ್ ರಿಪೋರ್ಟ್ ಅಟ್ಯಾಚ್ ಮಾಡಿದರೆ ಗಂಟೆಗಟ್ಟಲೆ ಕ್ಯೂನಲ್ಲೇ ಕೂತಿರುತ್ತದೆ. ಸ್ಕ್ಯಾನರಿನಿಂದ ನೇರ ಮೇಲ್ ಮಾಡುವುದೂ ನಿಂತಿದೆ. ಸರ್ವರಿನ ಹೆಸರಿಗೆ ವಿಳಾಸ ಬರೆದಿಡುವ ಡಿಎನ್‌ಎಸ್ ನಾನು ಮುಟ್ಟಿಲ್ಲ. ಒಬ್ಬ ಗೆಳೆಯ ಐಪಿವಿ6 ಪೂರ್ತಿ ಬಂದ್ ಮಾಡು ಅನ್ನುತ್ತಾನೆ. ಇನ್ನೊಬ್ಬ, ಹಳೇದು ಇನ್ನೇನು ನಿಂತುಹೋಗುತ್ತೆ, ಪೂರ್ತಿ ಹೊಸದಕ್ಕೆ ಹೋಗು ಅನ್ನುತ್ತಾನೆ. ಸಾವಕಾರರು ಮಾತ್ರ, 'ಅದೇನ್ ವಿ ಫೋರೋ ವಿ ಸಿಕ್ಸೋ ನನಗ ಗೊತ್ತಿಲ್ಲ, ನನ್ನ ರೇಟು ಪಾರ್ಟಿಗೆ ಮುಟ್ಟಬೇಕು ನೋಡಪಾ' ಅಂತಾರೆ. ಏನು ಮಾಡಲಿ?"

ಉತ್ತರ: ಮೊದಲು ಸಾವಕಾರರಿಗೆ ಒಂದು ಮಾತು ಹೇಳಿ. ನಿಮಗೆ ಬರುವ ಮೇಲ್ ಯಾವುದೂ ಕಳೆದಿಲ್ಲ. ಡಿಎನ್‌ಎಸ್ ಮುಟ್ಟಿಲ್ಲ ಎಂದಿದ್ದೀರಿ. ಅಂದರೆ ಹೊರಗಿನವರಿಗೆ ನಿಮ್ಮ ಸರ್ವರಿನ ಹೊಸ ವಿಳಾಸ ಗೊತ್ತೇ ಇಲ್ಲ, ಅವರೆಲ್ಲ ಹಳೆ ಐಪಿವಿ4 ದಾರಿಯಲ್ಲೇ ಬರುತ್ತಿದ್ದಾರೆ. ಕೆಟ್ಟಿರುವುದು ಹೋಗುವ ದಾರಿ ಮಾತ್ರ.

ಅದು ಕೆಟ್ಟದ್ದು ಹೀಗೆ. ಹೊಸ ರೌಟರ್ ಆಫೀಸಿನ ಒಳಗೆ 'ಇಲ್ಲಿ ಐಪಿವಿ6 ಇದೆ' ಎಂದು ಸಾರಿತು. ನಿಮ್ಮ ಲಿನಕ್ಸ್ ಅದನ್ನು ಕೇಳಿ ತಾನೇ ಒಂದು ವಿಳಾಸ ಮಾಡಿಕೊಂಡಿತು. ಪೋಸ್ಟ್‌ಫಿಕ್ಸ್ 2.9 ಆವೃತ್ತಿಯಿಂದ ಈಚೆಗೆ, ಬೇಡ ಅನ್ನದಿದ್ದರೆ ಎರಡೂ ಪ್ರೋಟೋಕಾಲ್ ಬಳಸುತ್ತದೆ. ಎದುರಿನ ಸರ್ವರಿಗೆ ಎರಡೂ ವಿಳಾಸ ಇದ್ದರೆ ಯಾವುದನ್ನು ಮೊದಲು ಹಿಡಿಯಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಜಿಮೇಲ್‌ಗೆ ಎರಡೂ ಇವೆ. ಆದ್ದರಿಂದಲೇ ಕೆಲವು ಹೋಗುತ್ತವೆ, ಕೆಲವು ವಾಪಸ್. ನೀವು ಐಪಿವಿ6ಗೆ ಹೋಗಬೇಕೆಂದು ನಿರ್ಧಾರ ಮಾಡಲಿಲ್ಲ. ಸರ್ವರ್ ಮಾಡಿಬಿಟ್ಟಿತು. ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಕೇಸು ಇಂಥವೇ. ಐಪಿವಿ6 ಇರುವುದರಿಂದಲ್ಲ, ಅರ್ಧ ಇರುವುದರಿಂದ ಮೇಲ್ ಕೆಡುತ್ತದೆ.

ಗೆಳೆಯರ ಮಾತು ಈಗ. ಐಪಿವಿ4 ಇನ್ನೇನು ನಿಂತುಹೋಗುತ್ತೆ ಎನ್ನುವುದು ಸುಳ್ಳು. ಅದರ ವಿಳಾಸಗಳು 32 ಬಿಟ್ಟಿನವು, ಎಲ್ಲ ಸೇರಿ ಸುಮಾರು 429 ಕೋಟಿ. ಜಗತ್ತಿನ ಮೂಲ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿಯಾಯಿತು. ಅದೇ ಏಪ್ರಿಲ್‌ನಲ್ಲಿ ನಮ್ಮ ಏಷ್ಯಾ-ಪೆಸಿಫಿಕ್ ಭಾಗದ ನೋಂದಣಿ ಸಂಸ್ಥೆ ಏಪ್‌ನಿಕ್ ತನ್ನ ಕೊನೆಯ ಗಂಟಿಗೆ ಕೈ ಹಾಕಿ ರೇಷನ್ ಶುರು ಮಾಡಿತು. ಖಾಲಿಯಾಯಿತು ಎಂದರೆ ಹೊಸದು ಸಿಗುವುದು ಕಷ್ಟ ಅಂತ ಅಷ್ಟೇ. ಇದ್ದದ್ದು ಓಡುತ್ತದೆ. ಮೇಲ್ ಲೋಕದಲ್ಲಂತೂ ಐಪಿವಿ4 ಇಲ್ಲದ ಸರ್ವರ್ ಇಟ್ಟರೆ ಎಷ್ಟೋ ಜನ ನಿಮಗೆ ಮೇಲ್ ಕಳಿಸಲಾರರು. ನಿಮ್ಮ ಹತ್ತಿರ ಸ್ಥಿರ ಐಪಿವಿ4 ವಿಳಾಸ ಇದೆ ಅಲ್ವಾ, ಅದನ್ನು ಬಿಟ್ಟುಕೊಡಬೇಡಿ.

ಐಪಿವಿ6 ಪೂರ್ತಿ ಬಂದ್ ಮಾಡು ಎಂದ ಗೆಳೆಯನ ಮಾತಿನಲ್ಲಿ ಅರ್ಧ ಸತ್ಯ ಇದೆ. ಮೇಲ್ ಕಳಿಸುವ ಮಟ್ಟಿಗೆ ಬಂದ್ ಮಾಡಿದರೆ ನಿಮಗೆ ನಷ್ಟವೇನೂ ಇಲ್ಲ. ಆದರೆ ಇಡೀ ಯಂತ್ರದಲ್ಲಿ ಕರ್ನಲ್ ಮಟ್ಟದಲ್ಲೇ ಬಂದ್ ಮಾಡಿದರೆ ಇನ್ಯಾವುದೋ ಪ್ರೋಗ್ರಾಂ ಮುನಿಸಿಕೊಳ್ಳುತ್ತದೆ. ಎಲ್ಲಿ ಬೇಡವೋ ಅಲ್ಲಿ ಮಾತ್ರ ಬೇಡ ಅನ್ನಿ.

ಮೂರನೇ ಮಾತೊಂದು ನೀವು ಬರೆದಿಲ್ಲ, ಆದರೆ ಎಲ್ಲರೂ ಹೇಳುತ್ತಾರೆ: ಐಪಿವಿ6 ವಿಳಾಸ ಅಷ್ಟು ದೊಡ್ಡದು, ಯಾರೂ ಊಹಿಸಲಾರರು, ಫೈರ್‌ವಾಲ್ ಬೇಡ. ಮೇಲ್ ಸರ್ವರಿಗೆ ಈ ಮಾತು ಹೊಂದುವುದೇ ಇಲ್ಲ. ಅದರ ವಿಳಾಸವನ್ನು ನಾವೇ ಡಿಎನ್‌ಎಸ್‌ನಲ್ಲಿ ಬೋರ್ಡ್ ಬರೆದು ಹಾಕಿರುತ್ತೇವೆ. ಅದೂ ಅಲ್ಲದೆ ಹಳೆ ಲಿನಕ್ಸ್‌ಗಳಲ್ಲಿ ಐಪಿಟೇಬಲ್ಸ್ ಎಂಬ ಫೈರ್‌ವಾಲಿಗೆ ಬರೆದ ನಿಯಮ ಐಪಿವಿ4ಗೆ ಮಾತ್ರ. ಐಪಿವಿ6ಗೆ ಐಪಿ6ಟೇಬಲ್ಸ್ ಎಂದು ಬೇರೆಯದೇ ಇದೆ. ಮುಂದಿನ ಬಾಗಿಲಿಗೆ ಕೀಲಿ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಎಷ್ಟು ಆಫೀಸು ನೋಡಿದ್ದೇನೋ! ನಿಮ್ಮ ಮೇಲ್ ಸರ್ವರಿನ ಆಡಳಿತ ಪುಟ ಈ ಹೊತ್ತು ಐಪಿವಿ6 ಮೇಲೆ ಹೊರಗೆ ಕಾಣುತ್ತಿದೆಯೇ ಎಂದು ಮೊಬೈಲ್ ಡೇಟಾದಿಂದ, ಹೆಸರಿನ ಬದಲು ಐಪಿವಿ6 ವಿಳಾಸವನ್ನೇ ಬರೆದು, ಒಮ್ಮೆ ತೆರೆದು ನೋಡಿ. ಮಿಕ್ಕದ್ದನ್ನು ಆಮೇಲೆ ಓದಿ.

ನೋಡಿದಿರಾ? ಈಗ 550.

ವಾಪಸ್ ಬಂದ ಮೇಲ್ ಒಂದನ್ನು ತೆರೆಯಿರಿ. ಚೌಕಾಕಾರದ ಕಂಸದಲ್ಲಿ ನಿಮ್ಮದೇ ವಿಳಾಸ ಇರುತ್ತದೆ, ನಡುನಡುವೆ ಎರಡು ಚುಕ್ಕಿಗಳ ಉದ್ದ ವಿಳಾಸ. ಪಕ್ಕದಲ್ಲಿ 5.7.1 ಅಥವಾ 5.7.25 ಎಂಬಂಥ ಸಂಖ್ಯೆ. ಜಿಮೇಲ್ ಹೇಳುತ್ತಿರುವುದು ಇಷ್ಟೇ: ಈ ಐಪಿವಿ6 ವಿಳಾಸಕ್ಕೆ ಪಿಟಿಆರ್ ದಾಖಲೆ ಇಲ್ಲ, ಇದು ಯಾರದೆಂದು ನನಗೆ ಗೊತ್ತಾಗುತ್ತಿಲ್ಲ. ಪಿಟಿಆರ್ ಎಂದರೆ ನಂಬರಿನಿಂದ ಹೆಸರು ಹುಡುಕುವ ದಾಖಲೆ. ನಿಮ್ಮ ಐಪಿವಿ4 ನಂಬರಿಗೆ ಯಾರೋ ಮೊದಲೇ ಅದನ್ನು ಮಾಡಿಸಿದ್ದಾರೆ. ಐಪಿವಿ6ಗೆ ಯಾರು ಮಾಡಿಸಿದ್ದಾರೆ? ಯಾರೂ ಇಲ್ಲ.

ಅದು ನಿಮ್ಮ ಡೊಮೇನ್ ಪ್ಯಾನೆಲಿನಲ್ಲಿ ಆಗುವ ಕೆಲಸವೂ ಅಲ್ಲ. ವಿಳಾಸ ಯಾರು ಕೊಟ್ಟರೋ ಅವರೇ, ಅಂದರೆ ಇಂಟರ್ನೆಟ್ ಕಂಪನಿಯವರೇ, ಮಾಡಿಕೊಡಬೇಕು. ಇಲ್ಲಾ ಆ ಅಧಿಕಾರವನ್ನು ನಿಮ್ಮ ಡಿಎನ್‌ಎಸ್‌ಗೆ ಬಿಟ್ಟುಕೊಡಬೇಕು.

ಇದಕ್ಕಿಂತ ದೊಡ್ಡ ಪೇಚು ಇನ್ನೊಂದಿದೆ. ನಿಮ್ಮ ಲಾಗ್‌ನಲ್ಲಿ ಸೋಮವಾರದ ವಿಳಾಸ ಮತ್ತು ಗುರುವಾರದ ವಿಳಾಸ ಹೋಲಿಸಿ. ಬೇರೆ ಬೇರೆ ಇದ್ದರೆ ಎರಡು ಕಾರಣ ಇರಬಹುದು. ಲಿನಕ್ಸ್ ತಾನೇ ತಾತ್ಕಾಲಿಕ ವಿಳಾಸ ಮಾಡಿಕೊಂಡು, ಸಾಮಾನ್ಯವಾಗಿ ದಿನಕ್ಕೊಂದರಂತೆ, ಬದಲಾಯಿಸುತ್ತಿರಬಹುದು. ಮನುಷ್ಯರ ಲ್ಯಾಪ್‌ಟಾಪಿಗೆ ಅದು ಒಳ್ಳೆಯದು, ಯಾರೂ ಬೆನ್ನು ಹತ್ತಲಾಗದಂತೆ ಮಾಡಿದ ಏರ್ಪಾಡು. ಸರ್ವರಿಗೆ ಅದು ಶನಿ. ಸೆಟ್ಟಿಂಗಿನಲ್ಲಿ ತೆಗೆದು, ಸ್ಥಿರ ವಿಳಾಸ ಕೊಡಿ. ಇನ್ನೊಂದು, ರೌಟರ್ ಪ್ರತಿ ಸಲ ಡಯಲ್ ಮಾಡಿದಾಗ ಕಂಪನಿಯವರು ವಿಳಾಸದ ಮೊದಲ ಭಾಗವನ್ನೇ, ಅಂದರೆ ಪ್ರಿಫಿಕ್ಸನ್ನೇ, ಬದಲಿಸುತ್ತಿರಬಹುದು. ಹಾಗಿದ್ದರೆ ಐಪಿವಿ6 ಮೇಲೆ ಮೇಲ್ ಕಳಿಸುವ ಆಸೆ ಸದ್ಯಕ್ಕೆ ಬಿಡಿ. ದಿನಾ ಮನೆ ಬದಲಿಸುವವನಿಗೆ ಪೋಸ್ಟ್‌ಮ್ಯಾನ್ ಏನು ಮಾಡಿಯಾನು?

ಈ ಬಿಗಿ ಸುಮ್ನೆ ಮಾಡಿದ್ದಲ್ಲ. ಐಪಿವಿ4ನಲ್ಲಿ ಸ್ಪ್ಯಾಮ್ ಕಳಿಸುವವನ ನಂಬರ್ ಒಂದೊಂದಾಗಿ ಕಪ್ಪುಪಟ್ಟಿಗೆ ಹಾಕಬಹುದಿತ್ತು. ಐಪಿವಿ6ನಲ್ಲಿ ಸಾಮಾನ್ಯ ಒಂದು ಜಾಲಕ್ಕೆ, ನಾವು /64 ಎನ್ನುವುದಕ್ಕೆ, ಸುಮಾರು 1.84 ಲಕ್ಷ ಕೋಟಿ ಕೋಟಿ ವಿಳಾಸ. ಪ್ರತಿ ಮೇಲ್‌ಗೂ ಹೊಸ ವಿಳಾಸ ಬಳಸಿದರೂ ತೀರುವುದಿಲ್ಲ. ಅದಕ್ಕೇ ದೊಡ್ಡ ಕಂಪನಿಗಳು ಐಪಿವಿ6 ಮೇಲೆ ಬರುವವರ ಹತ್ತಿರ ಮೊದಲು ಗುರುತಿನ ಚೀಟಿ ಕೇಳುತ್ತವೆ: ಪಿಟಿಆರ್, ಅದರ ಜೊತೆಗೆ ಎಸ್‌ಪಿಎಫ್ (ನಿಮ್ಮ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿ) ಅಥವಾ ಡಿಕಿಮ್. 2024ರ ಫೆಬ್ರುವರಿಯಿಂದ ಜಿಮೇಲ್ ಇವನ್ನು ಎಲ್ಲ ಕಳಿಸುವವರಿಗೂ ನಿಯಮ ಮಾಡಿದೆ, ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಡಿಮಾರ್ಕ್ (ಈ ಗುರುತು ಹೊಂದದ ಮೇಲ್ ಅನ್ನು ಏನು ಮಾಡಬೇಕೆಂಬ ಸೂಚನೆ) ಕೂಡ ಸೇರಿಸಿ. ನೀವು ಡಿಕಿಮ್ ಹಾಕಿದ್ದೀರೋ ಇಲ್ಲವೋ ಬರೆದಿಲ್ಲ. ಹಾಕಿಲ್ಲದಿದ್ದರೆ ಈ ವಾರವೇ ಹಾಕಿ. ಅದು ಮೇಲ್ ಮೇಲಿನ ಸಹಿ. ಯಾವ ದಾರಿಯಲ್ಲಿ ಹೋದರೂ ಸಹಿ ಬದಲಾಗುವುದಿಲ್ಲ.

ಗುಂಟೂರಿನ ಮೇಲ್ ನನಗೆ ಇಷ್ಟವಾದ ಕೇಸು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

'ರೇಟು ನಾಳೆ ಹೇಳುತ್ತೇವೆ' ಎಂಬ ಎರಡು ಸಾಲಿನ ಮೇಲ್ ಒಂದೆರಡು ಸಣ್ಣ ಪ್ಯಾಕೆಟ್‌ನಲ್ಲಿ ಮುಗಿಯುತ್ತದೆ. ಬಣ್ಣದ ಪ್ರಮಾಣ, ತೇವಾಂಶ, ಅಫ್ಲಾಟಾಕ್ಸಿನ್ ಎಲ್ಲ ಇರುವ ಲ್ಯಾಬ್ ರಿಪೋರ್ಟಿನ ಪಿಡಿಎಫ್ ಸೇರಿದರೆ ಸರ್ವರ್ ಪೂರ್ತಿ ತುಂಬಿದ ಪ್ಯಾಕೆಟ್ ಬಿಡುತ್ತದೆ, ತಲಾ 1500 ಬೈಟ್. ನಿಮ್ಮ ಲೈನು ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಡಯಲ್ ಆಗುವ ಪಿಪಿಪಿಒಇ ಲೈನು ಇರಬೇಕು. ಅದರಲ್ಲಿ ಹಿಡಿಸುವುದು 1492 ಮಾತ್ರ. ಎಂಟು ಬೈಟ್ ಜಾಸ್ತಿ. ಗೇಟಿಗಿಂತ ನಾಲ್ಕು ಬೆರಳು ಎತ್ತರ ಲೋಡು ತುಂಬಿದ ಲಾರಿಯ ಹಾಗೆ.

ಐಪಿವಿ4ನಲ್ಲಿ ಸಾಮಾನ್ಯವಾಗಿ ರೌಟರೇ ಎರಡೂ ಕಡೆಯವರಿಗೆ ಮೊದಲೇ 'ಸಣ್ಣ ತುಂಡು ಮಾಡಿ' ಎಂದು ಹೇಳಿಟ್ಟಿರುತ್ತದೆ. ಅದಕ್ಕೆ ಎಂಎಸ್ಎಸ್ ಕ್ಲಾಂಪ್ ಎನ್ನುತ್ತಾರೆ. ಹೊಸ ರೌಟರುಗಳಲ್ಲಿ ಎಷ್ಟೋ ಸಲ ಅದು ಐಪಿವಿ4ಗೆ ಇರುತ್ತದೆ, ಐಪಿವಿ6ಗೆ ಮರೆತಿರುತ್ತಾರೆ. ಐಪಿವಿ6ನಲ್ಲಿ ದಾರಿಯ ನಡುವಿನ ರೌಟರ್ ಪ್ಯಾಕೆಟ್ಟನ್ನು ಒಡೆಯುವಂತೆಯೇ ಇಲ್ಲ. ಅದು ಮಾಡಬಹುದಾದದ್ದು ಒಂದೇ: 'ಪ್ಯಾಕೆಟ್ ದೊಡ್ಡದಾಯಿತು, ಇಷ್ಟಕ್ಕೆ ಇಳಿಸು' ಎಂದು ಐಸಿಎಂಪಿವಿ6 ಸಂದೇಶ, ಅಂದರೆ ಜಾಲದ ಸ್ಥಿತಿ ತಿಳಿಸುವ ಸಂದೇಶ, ಕಳಿಸುವುದು. ನಿಮ್ಮ ಸರ್ವರಿನ ಫೈರ್‌ವಾಲ್‌ನಲ್ಲಿ ಯಾರೋ ಜಾಣರು 'ಪಿಂಗ್ ಬೇಡ' ಎಂದು ಇಂಥ ಐಸಿಎಂಪಿ ಸಂದೇಶವನ್ನೂ ಸೇರಿಸಿ ತಡೆದಿದ್ದರೆ ಆ ಸಂದೇಶ ಮುಟ್ಟುವುದಿಲ್ಲ. ಸರ್ವರ್ ಅದೇ ದೊಡ್ಡ ಪ್ಯಾಕೆಟ್ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ. ಲಾಗ್‌ನಲ್ಲಿ 'ಟೈಮ್ಡ್ ಔಟ್ ವೈಲ್ ಸೆಂಡಿಂಗ್ ಮೆಸೇಜ್ ಬಾಡಿ' ಎಂಬ ಸಾಲು ಸಿಕ್ಕರೆ ರೋಗ ಇದೇ. ಸಂಪರ್ಕ ಆಯಿತು, ಕುಶಲ ಕೇಳಿದ್ದಾಯಿತು, ಸರಕು ಇಳಿಸುವಾಗ ನಿಂತಿತು.

ಆಮೇಲಿನ ಯಾವುದೋ ಪ್ರಯತ್ನದಲ್ಲಿ ಐಪಿವಿ4 ದಾರಿ ಸಿಕ್ಕರೆ ಮೇಲ್ ಹೋಗಿಬಿಡುತ್ತದೆ. ಆದ್ದರಿಂದ ಗಂಟೆಗಟ್ಟಲೆ ತಡ. ಬೇರೆ ಪಾರ್ಟಿಗಳಿಗೆ ಯಾಕಿಲ್ಲ ಅಂದರೆ, ಅವರಲ್ಲಿ ಹೆಚ್ಚಿನವರ ಸರ್ವರಿಗೆ ಐಪಿವಿ6 ಇರಲಿಕ್ಕಿಲ್ಲ.

ಪರಿಹಾರ ಸುಲಭ. ಐಸಿಎಂಪಿವಿ6 ಅನ್ನು ಸಾರಾಸಗಟು ತಡೆಯಬೇಡಿ. ಐಪಿವಿ6ನಲ್ಲಿ ಪಕ್ಕದ ಯಂತ್ರ ಎಲ್ಲಿದೆ ಎಂದು ಹುಡುಕುವುದು ಕೂಡ ಅದರಿಂದಲೇ. ರೌಟರಿನಲ್ಲಿ ಐಪಿವಿ6ಗೂ ಕ್ಲಾಂಪ್ ಹಾಕಿಸಿ. 1492ರ ಲೈನಿಗೆ ಲೆಕ್ಕ 1432. ಹಾಗೇ ಇನ್ನೊಂದು ಕೆಲಸ ಮಾಡಿ: ಪೋಸ್ಟ್‌ಫಿಕ್ಸ್ ಹೋಗದ ಮೇಲ್ ಅನ್ನು 5 ದಿನ ಇಟ್ಟುಕೊಂಡು ಪ್ರಯತ್ನಿಸುತ್ತದೆ, ನೀವು ಹೇಳದಿದ್ದರೆ ನಡುವೆ ಕಳಿಸಿದವರಿಗೆ ಒಂದು ಮಾತೂ ತಿಳಿಸುವುದಿಲ್ಲ. ಆ ತಡದ ಎಚ್ಚರಿಕೆಯನ್ನು 4 ಗಂಟೆಗೆ ಇಡಿ. ಮೆಣಸಿನಕಾಯಿ ರೇಟು 5 ದಿನ ಕಾಯುತ್ತದೆಯೇ?

ನಾನೇನೂ ಇದನ್ನೆಲ್ಲ ಮೊದಲ ಸಲವೇ ಸರಿ ಮಾಡಿದವನಲ್ಲ. ಹತ್ತು ವರ್ಷಕ್ಕೂ ಹಿಂದೆ ಧಾರವಾಡದ ಒಂದು ಸಂಸ್ಥೆಗೆ ಬಾಡಿಗೆ ಸರ್ವರ್ ಮೇಲೆ ಮೇಲ್ ಕೂರಿಸಿದ್ದೆ. ಶುಕ್ರವಾರ ಸಂಜೆ ಐಪಿವಿ6 ಹಚ್ಚಿ, ಎರಡು ಟೆಸ್ಟ್ ಮೇಲ್ ಕಳಿಸಿ, ಮುಟ್ಟಿತು ಎಂದು ಖುಷಿಯಾಗಿ ಚಿಗರಿ ಬಸ್ಸೂ ಇಲ್ಲದ ಆ ಕಾಲದಲ್ಲಿ ಕೆಂಪು ಬಸ್ಸಿಗೆ ಜೋತುಬಿದ್ದು ಹುಬ್ಬಳ್ಳಿಗೆ ಬಂದೆ. ಸೋಮವಾರ ಬೆಳಗ್ಗೆ ಕ್ಯೂ ತೋರಿಸುವ ಕಮಾಂಡ್ ಕೊಟ್ಟರೆ ಪರದೆ ಓಡತೊಡಗಿತು. ಚಹಾ ತಂದಿಟ್ಟ ಹುಡುಗ ಖಾಲಿ ಕಪ್ ಒಯ್ಯಲು ಬಂದಾಗಲೂ ಓಡುತ್ತಲೇ ಇತ್ತು. ಎಲ್ಲ ಯಾರ್ಯಾರದೋ ಸ್ಪ್ಯಾಮ್.

ಆದದ್ದಿಷ್ಟು. ಆ ಕಾಲದ ಪೋಸ್ಟ್‌ಫಿಕ್ಸ್, ತನ್ನ ಸಬ್‌ನೆಟ್‌ನಲ್ಲಿ, ಅಂದರೆ ಜಾಲದ ತನ್ನದೇ ತುಂಡಿನಲ್ಲಿ, ಇರುವವರೆಲ್ಲ ನಮ್ಮವರೇ ಎಂದು ನಂಬುತ್ತಿತ್ತು. ಬಾಡಿಗೆ ಕೊಟ್ಟವರು ಒಂದೇ /64ನಲ್ಲಿ ಎಷ್ಟೋ ಗಿರಾಕಿಗಳನ್ನು ಕೂರಿಸಿದ್ದರು. ಪಕ್ಕದವನ ಕೆಟ್ಟ ಯಂತ್ರ ನನ್ನ ಸರ್ವರನ್ನು ಮನೆಯದೇ ಎಂಬಂತೆ ಬಳಸಿತು. 3.0 ಆವೃತ್ತಿಯಿಂದ ಆ ಮೂಲ ಸೆಟ್ಟಿಂಗ್ ಬದಲಾಗಿದೆ, ಈಗ ತನ್ನನ್ನು ಮಾತ್ರ ನಂಬುತ್ತದೆ. ಆದರೆ ಹಳೆ ಕಾನ್ಫಿಗ್ ಫೈಲನ್ನು ಹೊಸ ಯಂತ್ರಕ್ಕೆ ನಕಲು ಮಾಡುವ ಚಟ ನಮ್ಮಲ್ಲಿ ಹೋಗಿಲ್ಲ. ನಂಬಿಕಸ್ಥರ ಪಟ್ಟಿ ಇರುವ 'ಮೈನೆಟ್‌ವರ್ಕ್ಸ್' ಸಾಲನ್ನು ಒಮ್ಮೆ ಕಣ್ಣಿಟ್ಟು ಓದಿ. ಅದರಲ್ಲಿ ಐಪಿವಿ6 ವಿಳಾಸವನ್ನು ಚೌಕ ಕಂಸದೊಳಗೆ ಬರೆಯಬೇಕು, ಕಂಸ ಮುಚ್ಚಿದ ಮೇಲೆ /128, ಅಂದರೆ ಆ ಒಂದೇ ವಿಳಾಸ.

ಇನ್ನು ದಾರಿಗಳು. ಬರುವ ಮೇಲ್ ಮತ್ತು ಹೋಗುವ ಮೇಲ್ ಎರಡನ್ನೂ ಒಂದೇ ಗಂಟು ಮಾಡಬೇಡಿ, ಎರಡಕ್ಕೂ ಬೇರೆ ಬೇರೆ ನಿರ್ಧಾರ ಮಾಡಬಹುದು.

ಇವತ್ತು ಸಂಜೆಯೊಳಗೆ ಮಾಡಬೇಕಾದದ್ದು, ಹೋಗುವ ಮೇಲ್ ಅನ್ನು ಐಪಿವಿ4ಗೆ ಕಟ್ಟುವುದು. ಪೋಸ್ಟ್‌ಫಿಕ್ಸ್‌ನಲ್ಲಿ 'ಅಡ್ರೆಸ್ ಪ್ರಿಫರೆನ್ಸ್' ಎಂಬ ಸೆಟ್ಟಿಂಗ್ ಇದೆ. ಅದರಲ್ಲಿ ಐಪಿವಿ4 ಬರೆದರೆ ಸಾಕು ಎಂದು ಬಹಳ ಜನ ತಿಳಿಯುತ್ತಾರೆ. ಅದು ಬರೀ ಮೊದಲ ಆದ್ಯತೆ. ಐಪಿವಿ4 ಸಿಗದಿದ್ದರೆ ಮತ್ತೆ ಐಪಿವಿ6 ಹಿಡಿಯುತ್ತದೆ. ಪೂರ್ತಿ ಕಟ್ಟಬೇಕೆಂದರೆ ಮಾಸ್ಟರ್ ಫೈಲಿನಲ್ಲಿ ಹೊರಗೆ ಕಳಿಸುವ ಎಸ್‌ಎಂಟಿಪಿ ಸಾಲಿನ ಕೆಳಗೆ 'ಇನೆಟ್ ಪ್ರೋಟೋಕಾಲ್ಸ್' ಐಪಿವಿ4 ಎಂದು ಬರೆದು, ಪೋಸ್ಟ್‌ಫಿಕ್ಸ್ ಮತ್ತೆ ಶುರು ಮಾಡಿ. ಒಳಗೆ ಬರುವ ಬಾಗಿಲಿಗೆ ಇದು ತಾಕುವುದಿಲ್ಲ. 550 ಮತ್ತು ಗುಂಟೂರಿನ ತಡ ಎರಡೂ ತೊಂದರೆ ಇಷ್ಟಕ್ಕೇ ನಿಲ್ಲುತ್ತವೆ. ಅಪಾಯ ಒಂದೇ. ಎರಡು ವರ್ಷದ ಮೇಲೆ ಇದನ್ನು ಯಾಕೆ ಹಾಕಿದ್ದೆವು ಎಂದು ಯಾರಿಗೂ ನೆನಪಿರುವುದಿಲ್ಲ. ಪಕ್ಕದಲ್ಲಿ ತಾರೀಕು ಹಾಕಿ ಒಂದು ಸಾಲು ಕಾರಣ ಬರೆಯಿರಿ.

ಬರುವ ಬಾಗಿಲನ್ನು ಐಪಿವಿ6ಗೆ ತೆರೆಯುವುದು ಅವಸರದ ಕೆಲಸವಲ್ಲ. ಮಾಡಬೇಕೆಂದರೆ ಕ್ರಮ ತಪ್ಪಬೇಡಿ. ಮೊದಲು ಸ್ಥಿರ ವಿಳಾಸ, ಆಮೇಲೆ ಫೈರ್‌ವಾಲ್, ಆಮೇಲೆ ಹೊರಗಿನ ಒಂದು ಯಂತ್ರದಿಂದ ಮೇಲ್ ಒಳಬರುವ ಪೋರ್ಟ್ 25ರ ಪರೀಕ್ಷೆ. ಎಲ್ಲ ಸರಿ ಇದ್ದರೆ ಮಾತ್ರ ಡಿಎನ್‌ಎಸ್‌ನಲ್ಲಿ ಕ್ವಾಡ್-ಎ, ಅಂದರೆ ಹೆಸರಿಗೆ ಐಪಿವಿ6 ವಿಳಾಸ ಹೇಳುವ ದಾಖಲೆ. ಎರಡು ದಿನ ಮೊದಲೇ ಟಿಟಿಎಲ್ (ಹೊರಗಿನವರು ದಾಖಲೆಯನ್ನು ನೆನಪಿಟ್ಟುಕೊಳ್ಳುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿರಿ, ಎಡವಟ್ಟಾದರೆ ಬೇಗ ವಾಪಸ್ ತೆಗೆಯಬಹುದು. ದಾಖಲೆ ಹಾಕಿ ಬಾಗಿಲು ಮುಚ್ಚಿದ್ದರೆ ಕಳಿಸುವವರು ಮೊದಲು ಅಲ್ಲಿ ಕಾದು, ಆಮೇಲೆ ಐಪಿವಿ4ಗೆ ಬರುತ್ತಾರೆ. ಮೇಲ್ ಕಳೆಯುವುದಿಲ್ಲ, ತಡವಾಗುತ್ತದೆ. ಆ ತಡ ಯಾರ ಲಾಗ್‌ನಲ್ಲಿ ಕಾಣುತ್ತದೆ? ಅವರ ಲಾಗ್‌ನಲ್ಲಿ, ನಿಮ್ಮದರಲ್ಲಲ್ಲ. ಅದೇ ಅದರ ಕೆಟ್ಟತನ. ಬ್ಲಾಕ್ ಮಾಡುವ ಸಾಧನ ಬಳಸುತ್ತಿದ್ದರೆ ಐಪಿವಿ6ನಲ್ಲಿ ಒಂಟಿ ವಿಳಾಸ ತಡೆದು ಉಪಯೋಗವಿಲ್ಲ, ಇಡೀ /64 ತಡೆಯಬೇಕು.

ಎರಡೂ ಕಡೆ ಪೂರ್ತಿ ಐಪಿವಿ6 ಎಂದರೆ ಇವೆಲ್ಲದರ ಮೇಲೆ ಪಿಟಿಆರ್, ಆ ಪಿಟಿಆರ್ ಹೆಸರಿಗೆ ಹೊಂದುವ ಕ್ವಾಡ್-ಎ, ಸರ್ವರ್ ತನ್ನನ್ನು ಪರಿಚಯಿಸಿಕೊಳ್ಳುವ ಹೆಸರು ಕೂಡ ಅದೇ, ಎಸ್‌ಪಿಎಫ್‌ನಲ್ಲಿ ಐಪಿವಿ6 ವಿಳಾಸ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: 'ನಮಗೆ ಕೊಟ್ಟ ಐಪಿವಿ6 ಪ್ರಿಫಿಕ್ಸ್ ಬದಲಾಗುತ್ತಾ? ಅದಕ್ಕೆ ಪಿಟಿಆರ್ ಹಾಕಿಕೊಡ್ತೀರಾ?' ಎರಡನೇ ಪ್ರಶ್ನೆಗೆ ಆ ಕಡೆಯವರು 'ಯಾವ ಟಿಆರ್ ಸರ್?' ಎಂದರೆ ಅಲ್ಲಿಗೆ ಬಿಡಿ, ಐಪಿವಿ4ನಲ್ಲೇ ಕಳಿಸುತ್ತಿರಿ.

ಇಷ್ಟೆಲ್ಲ ತಲೆನೋವು ಯಾಕೆ, ಕಳಿಸುವ ಕೆಲಸವನ್ನು ತಿಂಗಳ ಬಾಡಿಗೆಯ ರಿಲೇ ಸೇವೆಗೆ ವಹಿಸೋಣ ಎನ್ನುವುದೂ ತಪ್ಪಲ್ಲ. ಆಗ ಯಾವ ಪ್ರೋಟೋಕಾಲ್ ಎಂಬ ಚಿಂತೆ ಅವರದು. ಅವರ ಹೆಸರನ್ನು ಎಸ್‌ಪಿಎಫ್‌ಗೆ ಸೇರಿಸಬೇಕು, ಮತ್ತು ನಿಮ್ಮ ಮೇಲ್ ಇನ್ನೊಬ್ಬರ ಕೈ ದಾಟಿ ಹೋಗುತ್ತದೆ ಎಂಬುದನ್ನು ಸಾವಕಾರರಿಗೆ ಹೇಳಬೇಕು. 40 ಮೇಲ್‌ಬಾಕ್ಸಿಗೆ ನಾನಾದರೆ ಐಪಿವಿ4ನಲ್ಲೇ ಕಳಿಸಿ, ಬಿಡುವಾದಾಗ ಬರುವ ಬಾಗಿಲು ತೆರೆಯುತ್ತೇನೆ.

ಒಂದು ಮಾತು ಬಿಟ್ಟಿತ್ತು. ಮಾರ್ಕೆಟ್‌ನಲ್ಲಿ ನಿಮ್ಮ ಹುಡುಗರು ಮೊಬೈಲಿನಲ್ಲಿ ಮೇಲ್ ನೋಡುತ್ತಾರಲ್ಲ, ಆ ಸೆಟ್ಟಿಂಗಿನಲ್ಲಿ ಸರ್ವರಿನ ಹೆಸರೇ ಇರಲಿ, ನಂಬರ್ ಬೇಡ. ಈಗ ಮೊಬೈಲ್ ಜಾಲಗಳು ಒಳಗೆ ಐಪಿವಿ6 ಮೇಲೆಯೇ ಓಡುತ್ತಿರುವುದು ಜಾಸ್ತಿ. ಹೆಸರಿದ್ದರೆ ದಾರಿಯನ್ನು ಅವು ಹುಡುಕಿಕೊಳ್ಳುತ್ತವೆ.

ಕೊನೆಗೆ ಸ್ಕ್ಯಾನರ್. ಲಾಗ್‌ನಲ್ಲಿ 'ರಿಲೇ ಆಕ್ಸೆಸ್ ಡಿನೈಡ್' ಎಂದು ಹುಡುಕಿ. ಹೊಸ ರೌಟರ್ ಆಫೀಸಿನೊಳಗಿನ ಹೆಸರುಗಳಿಗೆ ತಾನೇ ಎರಡೂ ಬಗೆಯ ವಿಳಾಸ ಕೊಡುತ್ತಿರಬೇಕು. ಸ್ಕ್ಯಾನರ್ ಈಗ ಐಪಿವಿ6 ಮೇಲೆ ಬರುತ್ತಿದೆ, ನಿಮ್ಮ ನಂಬಿಕಸ್ಥರ ಪಟ್ಟಿಯಲ್ಲಿ ಇರುವುದು ಅದರ ಹಳೆ ಐಪಿವಿ4 ನಂಬರ್. ಪಟ್ಟಿಗೆ ಇನ್ನೊಂದು ವಿಳಾಸ ಸೇರಿಸಲು ಹೋಗಬೇಡಿ, ನಾಳೆ ಅದೂ ಬದಲಾಗುತ್ತದೆ. ಸ್ಕ್ಯಾನರಿಗೆ ಒಂದು ಮೇಲ್‌ಬಾಕ್ಸ್ ಮಾಡಿ, ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಪೋರ್ಟ್ 587ರಲ್ಲಿ ಕಳಿಸುವಂತೆ ಇಡಿ. ಪಾಸ್‌ವರ್ಡ್ ಹಾಕಲು ಜಾಗವೇ ಇಲ್ಲದಷ್ಟು ಹಳೆಯ ಸ್ಕ್ಯಾನರ್ ಆದರೆ ಅದರ ಮೆನುವಿನಲ್ಲೇ ಐಪಿವಿ6 ಆಫ್ ಮಾಡಿ. ಅಲ್ಲಿ ಬಂದ್ ಮಾಡುವುದಕ್ಕೆ ನನ್ನ ತಕರಾರು ಏನೂ ಇಲ್ಲ.